ದೀಡ ಸಾವಿರದ ಮೇಲೊಂದು ತಾಸು

ನಿನ್ನೆ ಬೆಳಿಗ್ಗೆ ಚಹಾ ಇನ್ನೂ ಕುದಿ ಬಂದಿರಲಿಲ್ಲ, ಗ್ಯಾಸು ಮುಗಿಯಿತು. ಹೊಸ ಸಿಲಿಂಡರು ಜೋಡಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ‘ಗ್ಯಾಸ್ 6.40’ ಎಂದು ಬರೆದೆ. ಸಿಲಿಂಡರಿನ ತಾರೀಖು ಬರೆದಿಡುವ ರೂಢಿ ನಿಮ್ಮ ಮನೆಯಲ್ಲೂ ಇದ್ದೀತು. ಗಂಟೆ, ನಿಮಿಷ ಸಹಿತ ಬರೆಯುವ ಶಾಣ್ಯಾ ಇಡೀ ಇಂಡಿ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

“ಆರು ನಲವತ್ತಕ್ಕ ಬಿಟ್ಟೀರಿ, ಖರೆ. ಸಿಂದಗಿ ಎಷ್ಟಕ್ಕ ಮುಟ್ಟತೈತ್ರಿ ಅದು?” ಎಂದಳು ನನ್ನ ಹೆಂಡತಿ.

ಅವಳ ಕುಹಕಕ್ಕೆ ಕಾರಣವಿದೆ. ನಾನು ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ನೌಕರಿ ಮುಗಿಸಿದವನು. ಹೆಸರು ದೊಡ್ಡದು, ಕೆಲಸ ಸಣ್ಣದು. ಒಂದು ಕಿಟಕಿಯ ಹಿಂದೆ ಕೂತು ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು, ನಡುನಡುವೆ ಮೈಕಿನಲ್ಲಿ ಕೂಗುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳೊಳಗೇ ನನ್ನ ವರ್ಗಾವಣೆಗಳು ಗಾಣದ ಎತ್ತಿನ ಹಾಗೆ ಸುತ್ತಿದವು. ಇಂಡಿಯಲ್ಲಿ ಬಸ್ಸಿನ ಟಾಪಿನ ಮೇಲೆ ನಿಂಬೆಹಣ್ಣಿನ ಚೀಲ ಏರುವವರೆಗೆ ಬಸ್ಸು ಬಿಡುತ್ತಿರಲಿಲ್ಲ. ಬಾಗೇವಾಡಿಯಲ್ಲಿ ಎದುರಿಗೇ ಬೋರ್ಡು ಹಾಕಿಕೊಂಡು ನಿಂತ ಬಸ್ಸಿನ ಬಾಗಿಲು ಹಿಡಿದುಕೊಂಡೇ ಜನ, “ಇದು ವಿಜಾಪುರದ್ದ ಏನ್ರಿ?” ಎಂದು ನನ್ನನ್ನು ಕೇಳುತ್ತಿದ್ದರು. ಹೌದೆಂದರೆ ಮತ್ತೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಂಡು ಹತ್ತುತ್ತಿದ್ದರು. ಆ ಮತ್ತೊಬ್ಬರು ಅದೇ ಪ್ರಶ್ನೆ ಕೇಳಲು ನನ್ನ ಕಿಟಕಿಗೆ ಬರುತ್ತಿದ್ದರು.

ವೇಳೆ ಬರೆಯುವ ಹುಚ್ಚು ಮಾತ್ರ ನೌಕರಿಗಿಂತ ಹಳೆಯದು. ಅಗರಖೇಡದಲ್ಲಿ ನಾನು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಊರಿಗೆ ಒಂದೇ ಬಸ್ಸು, ನಮ್ಮ ಮನೆಯಲ್ಲಿ ಗಡಿಯಾರವಿಲ್ಲ. ಬಸ್ಸಿನ ಹಾರ್ನು ಕೇಳಿದರೆ ಅವ್ವ ಒಲೆಯ ಮೇಲೆ ರೊಟ್ಟಿ ಹಂಚು ಇಡುವಳು. ಬಸ್ಸು ತಡವಾದ ದಿನ ಇಡೀ ಓಣಿ ಹಸಿದು ಕೂತಿರುತ್ತಿತ್ತು. ಇದು ಸರಿಯಲ್ಲವೆಂದು, ಬಸ್ಸು ವೇಳೆಗೆ ಸರಿಯಾಗಿ ಬಂದ ಒಂದು ದಿನ ನಮ್ಮ ಬೇವಿನ ಮರದ ನೆರಳು ಎಲ್ಲಿಗೆ ಬಂದಿತ್ತೋ ಅಲ್ಲಿ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದೆ. ಗೋಡೆಗೆ ಹಿಂದಿನ ದಿನವಷ್ಟೇ ಸುಣ್ಣ ಬಳಿದಿದ್ದರು. ಅವ್ವ ಹೊಡೆದಳು. ಹೊಡೆದ ಮೇಲೆ ಮರುದಿನದಿಂದ ಆ ಗೆರೆ ನೋಡಿಯೇ ಹಂಚು ಇಡತೊಡಗಿದಳು. ನನ್ನ ಮೊದಲ ರಿಜಿಸ್ಟರು ಅದೇ.

ಸಿಂದಗಿಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಮೌಲಾಸಾಬರೆಂಬ ಹಿರಿಯ ಕಂಟ್ರೋಲರು ಇದ್ದರು. ಬಿಳಿ ಟೊಪ್ಪಿಗೆ, ಕಿವಿಯ ಮೇಲೆ ಪೆನ್ಸಿಲ್ಲು. ಅವರು ನನಗೆ ಕಲಿಸಿದ ಪಾಠ ಒಂದೇ.

“ಡ್ರೈವರ್ ಹತ್ತಿದಾಗ ಬರೀಬ್ಯಾಡ. ಅವ ಮತ್ತ ಇಳದು ಪಾನ ತರಾಕ ಹೋಗ್ತಾನ. ಕಂಡಕ್ಟರ್ ಸೀಟಿ ಊದಿದಾಗ ಬರೀಬ್ಯಾಡ. ಯಾವಕಿಯರ ಕೂಸಿನ ಎತ್ಕೊಂಡು ‘ತಡೀರಿ, ತಡೀರಿ’ ಅಂತ ಓಡಿ ಬರ್ತಾಳ. ಗಾಲಿ ಉರುಳಿದಾಗ ಬರಿ. ಗಾಲಿ ಸುಳ್ಳ ಹೇಳಂಗಿಲ್ಲೊ ತಮ್ಮಾ.”

ಇಂಥ ಗುರುವಿನ ಶಿಷ್ಯ ಮುದ್ದೇಬಿಹಾಳಕ್ಕೆ ಹೋಗಿ ಏನು ಮಾಡಿದ ಕೇಳಿ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಹತ್ತಕ್ಕೆ ಸ್ವಲ್ಪ ಮೊದಲು ಮಿರ್ಚಿ ಭಜಿ ಎಣ್ಣೆಯಿಂದ ಮೇಲೇಳುತ್ತಿದ್ದವು. ಆ ವಾಸನೆಗೆ ಸೋತು, ಹತ್ತು ಗಂಟೆಯ ತಾಳಿಕೋಟೆ ಬಸ್ಸನ್ನು ಒಂಬತ್ತು ಐವತ್ತಕ್ಕೇ ‘10.00, ಹೋಯಿತು’ ಎಂದು ಬರೆದು ಎದ್ದು ಹೋದೆ. ತಿರುಗಿ ಬಂದಾಗ ನನ್ನ ಕುರ್ಚಿಯಲ್ಲಿ ತಪಾಸಣೆಯ ಸಾಹೇಬರು ಕೂತಿದ್ದರು.

“ತಾಳಿಕೋಟಿ ಬಸ್ಸ ಹೋತೇನು?”

“ಹತ್ತಕ್ಕ ಸರಿಯಾಗಿ ಹೋತ್ರಿ ಸಾಹೇಬ್ರ.”

“ಹಂಗಾರ ನಾ ಈಗ ಯಾವದರಾಗಿಂದ ಇಳದ ಬಂದೆ?”

ಅವರ ಬೆರಳು ತೋರಿಸಿದ ಕಡೆ ನೋಡಿದೆ. ತಾಳಿಕೋಟೆ ಬಸ್ಸು ಪಂಕ್ಚರಾಗಿ, ಹಿಂದಿನ ಗಾಲಿ ಬಿಚ್ಚಿಸಿಕೊಂಡು ನಿಂತಿತ್ತು. ಅರ್ಧ ಭಜಿ ಇನ್ನೂ ನನ್ನ ಕೈಯಲ್ಲೇ ಇತ್ತು. ಬಾಯಿಯೊಳಗಿನದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮೆಮೊ ಕೊಟ್ಟು ಅವರು ಹೋದರು. ಆ ಅರ್ಧ ಭಜಿ ಮಾತ್ರ ಮುಂದೆ ಎಷ್ಟೋ ವರ್ಷ ನನ್ನ ಎದೆಯಲ್ಲೇ ನಿಂತಿತ್ತು.

ಇಷ್ಟೆಲ್ಲ ಹೇಳಿದ್ದು ನೀಲಾಳ ಸಲುವಾಗಿ. ದೇವಣಗಾಂವಕ್ಕೆ ಕೊಟ್ಟ ನನ್ನ ಅಕ್ಕನ ಮಗಳು ನೀಲಾ ಪೈಲಟ್. ವಿಮಾನದಲ್ಲಿ ಎಡಗಡೆ ಕ್ಯಾಪ್ಟನ್ ಕೂತರೆ ಬಲಗಡೆ ಇವಳು. ಅವಳು ಮೊದಲ ಸಲ ತನ್ನ ಲಾಗ್‌ಬುಕ್ಕು ತೋರಿಸಿದಾಗ ನನಗೆ ಹುಚ್ಚೇ ಹಿಡಿಯಿತು. ತಾರೀಖು, ವಾಹನದ ನಂಬರು, ಎಲ್ಲಿಂದ, ಎಲ್ಲಿಗೆ, ಬಿಟ್ಟ ವೇಳೆ, ಮುಟ್ಟಿದ ವೇಳೆ, ಷರಾ! ನಮ್ಮ ರಿಜಿಸ್ಟರಿಗೆ ರೆಕ್ಕೆ ಬಂದಂತಿತ್ತು.

“ವಿಮಾನ ನೆಲಾ ಬಿಟ್ಟಾಗ ಬರೀತಿಯೇನವಾ?” ಎಂದು ಕೇಳಿದೆ.

“ಇಲ್ಲ ಮಾಮಾ. ಹೊಂಡಾಕ ಗಾಲಿ ಉರುಳಿದಾಗಿಂದ, ಇಳದು ಗಾಲಿ ನಿಂದರೂತನಕ.”

ಮೌಲಾಸಾಬರು ನೆನಪಾಗಿ ನನ್ನ ಕಣ್ಣು ತುಂಬಿದವು. ಅವರು ವಿಮಾನ ನೋಡಿದ್ದು ತಲೆಯ ಮೇಲೆ ಹೋಗುವಾಗ ಮಾತ್ರ. ಆದರೂ ವಿಮಾನದ ಕಾಯಿದೆ ಅವರಿಗೆ ಸಿಂದಗಿಯಲ್ಲೇ ಗೊತ್ತಿತ್ತು.

ಕಳೆದ ವರ್ಷ ನೀಲಾ ರಜೆಯ ಮೇಲೆ ನಮ್ಮ ಮನೆಗೆ ಬಂದಳು. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ ಅರ್ಜಿ ಹಾಕಬೇಕಿತ್ತು. ಅದಕ್ಕೆ ಸಾವಿರದ ಐನೂರು, ನಮ್ಮ ಮಾತಿನಲ್ಲಿ ದೀಡ ಸಾವಿರ, ತಾಸು ಹಾರಿರಬೇಕು, ಅವಳವು ಆಗಿದ್ದವು. ಫಜೀತಿಯೆಂದರೆ, ಅವಳು ಅಲ್ಲಿಯವರೆಗೆ ಲೆಕ್ಕ ಇಟ್ಟಿದ್ದ ಕಂಪ್ಯೂಟರ್ ಲಾಗ್‌ಬುಕ್ಕಿನ ಕಂಪನಿಯವರು ಅಂಗಡಿ ಮುಚ್ಚುವುದಾಗಿ ಪತ್ರ ಕಳಿಸಿದ್ದರು. ಹೊಸದೊಂದನ್ನು ಆರಿಸಿ, ತಾಸುಗಳನ್ನೆಲ್ಲ ಅದಕ್ಕೆ ಸಾಗಿಸಿ, ಅದರಿಂದಲೇ ಅರ್ಜಿ ಕಳಿಸಬೇಕು. ಅವಳು ಮೂರು ಸಾಫ್ಟ್‌ವೇರುಗಳನ್ನು ಪರೀಕ್ಷೆಗೆಂದು ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು, ಮೂರರಲ್ಲೂ ತನ್ನ ಪೂರಾ ಲೆಕ್ಕ ತುಂಬಿದ್ದಳು. ಅವುಗಳ ಇಂಗ್ಲಿಷ್ ಹೆಸರು ನಮ್ಮ ಅವ್ವನ ನಾಲಗೆಗೆ ಹೊರಳಲಿಲ್ಲವಾದ್ದರಿಂದ ಬಣ್ಣ ನೋಡಿ ಕೆಂಪು, ಹಸಿರು, ಬೂದಿ ಎಂದು ಹೆಸರಿಟ್ಟಳು.

“ಎತ್ತು ತರೂದ ಇದ್ರ ಮೂರು ನೋಡ್ಬೇಕು. ಹಲ್ಲು, ಸುಳಿ, ನಡಿಗಿ,” ಎಂದಳು ಅವ್ವ. ಅವಳಿಗೆ ಎಂಬತ್ತು ದಾಟಿದೆ. ಅವಳು ಆರಿಸಿದ ಎತ್ತು ಒಂದೂ ಹಾಯ್ದದ್ದಿಲ್ಲ.

“ಇದಕ ಹಲ್ಲ ಇಲ್ಲ ಆಯಿ,” ಎಂದಳು ನೀಲಾ ತನ್ನ ಅಜ್ಜಿಗೆ.

“ಹಲ್ಲ ಇಲ್ಲದ್ದು ಮುದಿ ಇರ್ತೈತಿ. ಬ್ಯಾಡ.”

ನಡಿಗೆ ಪರೀಕ್ಷೆಯನ್ನು ನಾವು ನಿಜವಾಗಿಯೂ ಮಾಡಿದೆವು. ನೆಟ್ ಇಲ್ಲದ ಕಡೆ ನಡೆಯುತ್ತದೋ ಇಲ್ಲವೋ ನೋಡಲು ದೂರ ಹೋಗಬೇಕಿರಲಿಲ್ಲ, ನಮ್ಮ ಹಿತ್ತಲಿನ ನಿಂಬೆಗಿಡದ ಬುಡಕ್ಕೆ ಹೋದರೆ ಸಾಕಿತ್ತು. ಅಲ್ಲಿ ಕೆಂಪು ನಿಂತಲ್ಲೇ ನಿಂತಿತು. ಹಸಿರು ಕುಂಟುತ್ತ ನಡೆಯಿತು. ಬೂದಿ ಸರಾಗ ನಡೆಯಿತು, ಆದರೆ ಹೆಜ್ಜೆಗೊಂದು ಪ್ರಶ್ನೆ ಕೇಳುತ್ತಿತ್ತು. ನೀಲಾಳಿಗೆ ಮನಸ್ಸಿದ್ದದ್ದು ಹಸಿರಿನ ಮೇಲೆ. ಅದರಲ್ಲಿ ಬಣ್ಣದ ನಕಾಶೆ ಬರುತ್ತಿತ್ತು, ಅವಳು ಹಾರಿದ ದಾರಿಗಳೆಲ್ಲ ರಂಗೋಲಿಯ ಹಾಗೆ ಮೂಡುತ್ತಿದ್ದವು. ಬೂದಿಯ ಮುಸುಡಿ ನೋಡಿದರೆ ಕಚೇರಿಯ ಫಾರಂ ನೋಡಿದಂತಾಗುತ್ತಿತ್ತು.

ಮೂರರಲ್ಲೂ ಕೊನೆಯಲ್ಲಿ ಒಂದೇ ಅಂಕಿ ಇತ್ತು. 1500 ತಾಸು, 00 ನಿಮಿಷ. ಹಾಗೆ ಕೂದಲೆಳೆಯೂ ಆಚೀಚೆಯಾಗದಂತೆ ಬಂದು ನಿಲ್ಲುವುದು ಅಪರೂಪವೆಂದು ನೀಲಾ ಕುಣಿದಾಡಿ ಅದರ ಫೋಟೋ ತೆಗೆದುಕೊಂಡಳು. ಅವ್ವ ಮಾತ್ರ ಕನ್ನಡಕ ಏರಿಸಿ ನೋಡಿ, ಹಾವು ಕಂಡವಳಂತೆ ಹಿಂದೆ ಸರಿದಳು.

“ಬರೇ ಸೊನ್ನಿ! ದೀಡ ಸಾವಿರದ ಮುಂದ ಒಂದರ ಹಚ್ಚವಾ. ಸೊನ್ನಿಗಿ ನಿಂದರಿಸಬಾರದು.”

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆಯಲ್ಲಿ ಆಯೇರಿ ಮಾಡಿದರೆ ನೂರಾ ಒಂದು ರೂಪಾಯಿ. ಬುತ್ತಿ ಕಟ್ಟಿದರೆ ಹತ್ತಲ್ಲ, ಹನ್ನೊಂದು ರೊಟ್ಟಿ. ಸೊನ್ನೆ ಎಂದರೆ ಮುಗಿಯಿತು ಎಂದರ್ಥ. ಮೇಲೊಂದು ಹಚ್ಚಿದರೆ ಇನ್ನೂ ನಡೆದಿದೆ ಎಂದು. ನೀಲಾ ನಕ್ಕು, “ಹಂಗೆಲ್ಲಾ ಹಚ್ಚಾಕ ಬರಂಗಿಲ್ಲ ಆಯಿ,” ಎಂದು ಹೇಳಿ ಊಟ ಮಾಡಿ ಮಲಗಿದಳು. ಅರ್ಜಿ ಕಳಿಸಲು ಅದೇ ಕೊನೆಯ ದಿನ. ಸಂಜೆ ಆರು ಗಂಟೆಯೊಳಗೆ ಹೋಗಬೇಕು, ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು.

ಅವಳ ಕಣ್ಣು ಮುಚ್ಚಿದ್ದೇ ತಡ, ಅವ್ವ ನನ್ನ ಪಕ್ಕದಲ್ಲಿ ಬಂದು ಕೂತಳು. “ಗುರ್ಯಾ, ಮ್ಯಾಲ ಹಾರೂ ಹುಡುಗಿ ಅದು. ನೆಲದ ಮ್ಯಾಗಿನ ಮಂದಿಗೇ ಸೊನ್ನಿ ಆಗಿ ಬರಂಗಿಲ್ಲ. ನೀ ರಜಿಸ್ಟರ್ ಬರದಾಂವ ಅದಿ. ಒಂದ ತಾಸಿಗೆ ಏನ ಆಕ್ಕೈತಿ?”

ನಾನು ಬೇಡವೆನ್ನಬೇಕಿತ್ತು. ಆದರೆ ಖರೆ ಹೇಳುತ್ತೇನೆ, ಆ ಎರಡು ಜೋಡಿ ಸೊನ್ನೆ ನೋಡಿ ನನಗೂ ಒಳಗೊಳಗೇ ಅಂಜಿಕೆಯಾಗಿತ್ತು. ಮೊದಲು ಕೆಂಪು ತೆರೆದೆ. ‘ಹಿಂದಿನ ತಾಸು’ ಎಂಬ ಒಂದು ಮನೆ ಖಾಲಿ ಇತ್ತು. ಅದರಲ್ಲಿ ಒಂದು ಎಂದು ಒತ್ತಿದೆ. ಕೆಂಪು ತುಟಿಪಿಟಕ್ಕೆನ್ನದೆ 1501 ತೋರಿಸಿತು. ಹಸಿರಿಗೂ ಹಾಗೇ ಮಾಡಿದೆ. ಅದಕ್ಕೆ ಎಷ್ಟು ಖುಷಿಯಾಯಿತೆಂದರೆ, ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿಸಿ ಅಭಿನಂದನೆ ಹೇಳಿತು. ಅವ್ವ ಕೈಮುಗಿದಳು.

ಇಲ್ಲಿಗೇ ಬಿಡಬಹುದಿತ್ತು. ಆದರೆ ಇಬ್ಬರಿಗೆ ಕೊಟ್ಟು ಮೂರನೆಯವನ ತಾಟು ಖಾಲಿ ಬಿಡುವುದು ನಮ್ಮ ಮನೆತನದಲ್ಲಿಲ್ಲ. ಬೂದಿಯನ್ನೂ ತೆರೆದೆ. ಅದರಲ್ಲಿ ಅಂಥ ಖಾಲಿ ಮನೆಯೇ ಇಲ್ಲ.

ಎಲ್ಲಿಂದ ಎಲ್ಲಿಗೆ, ಎಂದು ಕೇಳಿತು. ಬಾಯಿಗೆ ಬಂದದ್ದು ಬರೆದೆ: ಇಂಡಿಯಿಂದ ಸಿಂದಗಿ. ವಾಹನದ ನಂಬರು? ನೆನಪಿದ್ದ ಒಂದು ಹಳೆಯ ಬಸ್ಸಿನದು ಕೊಟ್ಟೆ. ಕ್ಯಾಪ್ಟನ್ ಯಾರು? ಡ್ರೈವರ್ ಮಲ್ಲಪ್ಪ ಎಂದೆ. ಎಷ್ಟು ಸಲ ಇಳಿಯಿತು? ಬೆರಳು ಮಡಿಸಿ ಸ್ಟಾಪು ಎಣಿಸಿ ಒಂಬತ್ತು ಎಂದೆ. ಒಂದು ತಾಸಿನಲ್ಲಿ ಒಂಬತ್ತು ಸಲ ನೆಲಕ್ಕಿಳಿದ ವಿಮಾನವನ್ನೂ ಅದು ಸಹಿಸಿಕೊಂಡು, ಬಿಟ್ಟ ವೇಳೆ ಎಷ್ಟು ಎಂದಿತು. ಒಂದು ತಾರೀಖು ಹಾಕಿ 10.00 ಎಂದು ಬರೆದೆ. ತಟ್ಟನೆ ಕೆಂಪು ಗೆರೆ ಬಂತು. ‘ಆ ವೇಳೆಗೆ ನೀವು ಬೇರೆ ವಿಮಾನದಲ್ಲಿದ್ದಿರಿ.’

ತಾರೀಖು ಬದಲಿಸಿದೆ. ಆಗಲೂ ಅವಳು ಎಲ್ಲೋ ಹಾರುತ್ತಿದ್ದಳು. ಮುದ್ದೇಬಿಹಾಳ ಹಾಕಿದೆ, ಬಾಗೇವಾಡಿ ಹಾಕಿದೆ. ಊರು ಬದಲಿಸಿದರೂ ಬೂದಿ ಮಣಿಯಲಿಲ್ಲ. ಏಳನೆಯ ಸಲ ಸೋತು ಮುಚ್ಚಿಟ್ಟೆ.

“ಇದು ಸರಿ ಇಲ್ಲ ತಗಿ, ಸುಳಿ ಕೆಟ್ಟೈತಿ,” ಎಂದಳು ಅವ್ವ.

ಐದು ಗಂಟೆಗೆ ನೀಲಾ ಎದ್ದು ಮುಖ ತೊಳೆದು ಲ್ಯಾಪ್‌ಟಾಪಿನ ಮುಂದೆ ಕೂತಳು. ಹಸಿರೇ ಗಟ್ಟಿ ಎಂದಳು. ಅರ್ಜಿಯ ಅಂಕಿಗಳನ್ನು ಹಸಿರು ತಾನೇ ತುಂಬಿಕೊಂಡಿತು. ಕೆಳಗೆ, ‘ಮೇಲೆ ಬರೆದದ್ದೆಲ್ಲ ನಿಜ’ ಎಂಬ ಸಾಲಿನ ಅಡಿ ಅವಳು ಸಹಿ ಮಾಡುವಷ್ಟರಲ್ಲಿ ಅವ್ವ ಕುಂಕುಮದ ಭರಣಿ ಹಿಡಿದು ಬಂದಳು. ಮೊಮ್ಮಗಳ ಹಣೆಗೆ ಹಚ್ಚಿ, “ಈಗ ಚಂದಾತು ನೋಡು. ದೀಡ ಸಾವಿರದಾ ಒಂದು,” ಎಂದಳು.

ನೀಲಾಳ ಕೈ ನಿಂತಿತು. ಪರದೆ ನೋಡಿದಳು. ಅವ್ವನನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ನಾನು ಕ್ಯಾಲೆಂಡರ್ ನೋಡುತ್ತಿದ್ದೆ.

“ಕಂಟ್ರೋಲರ್ ಸಾಹೇಬ್ರ,” ಎಂದಳು. ಅವಳು ನನ್ನನ್ನು ಮಾಮಾ ಬಿಟ್ಟು ಸಾಹೇಬ್ರ ಎಂದದ್ದು ಅದೇ ಮೊದಲು. “ಈ ಒಂದ ತಾಸು ಎಲ್ಲಿಂದ ಬಂತ್ರಿ?”

ಹೇಳಿದೆ. ಹೇಳುತ್ತ ಹೋದಂತೆ ಅವಳ ಮುಖದ ಬಣ್ಣ ಇಳಿಯಿತು. “ಮಾಮಾ, ಅಲ್ಲಿ ಕುಂತವರು ಒಂದೊಂದ ಸಾಲು ತಾಳಿ ನೋಡ್ತಾರ. ಒಂದ ತಾಸು ಸುಳ್ಳ ಸಿಕ್ರ ದೀಡ ಸಾವಿರಾನೂ ಸುಳ್ಳ ಅಂತಾರ. ದೊಡ್ಡ ಲೈಸೆನ್ಸ್ ಹೋಗ್ಲಿ, ಇದ್ದದ್ದೂ ಕಸಗೋತಾರ.” ಅವಳ ದನಿ ನಡುಗಿತು. ನಾನು ಎತ್ತಿ ಆಡಿಸಿದ ಹುಡುಗಿ, ಅವಳ ಅನ್ನಕ್ಕೆ ನಾನೇ ಕಲ್ಲು ಹಾಕಲು ಹೋಗಿದ್ದೆ. ಮುದ್ದೇಬಿಹಾಳದ ಭಜಿ ಮತ್ತೆ ಗಂಟಲಿಗೆ ಬಂತು.

“ಮೂರರಾಗೂ ಹಚ್ಚಿಯೇನು?” ಎಂದಳು.

“ಎರಡರಾಗ. ಬೂದಿ ತಗೋಲಿಲ್ಲ.”

ಅವಳು ಬೂದಿಯನ್ನು ತೆರೆದಳು. ಒಟ್ಟು ಅಂಕಿ 1500 ಇದ್ದಂತೆಯೇ ಇತ್ತು. ಅದರ ಕೆಳಗೆ ಒಂದು ಪಟ್ಟಿ. ನನ್ನ ಏಳೂ ಪ್ರಯತ್ನಗಳನ್ನು, ಯಾವ ನಿಮಿಷಕ್ಕೆ ಏನು ಬರೆದೆ ಎಂಬುದರ ಸಹಿತ, ಬೂದಿ ಗೆರೆ ಹೊಡೆದು ಜೋಡಿಸಿಟ್ಟಿತ್ತು. ನೀಲಾ ಗಟ್ಟಿಯಾಗಿ ಓದತೊಡಗಿದಳು.

“ಮೂರು ಹನ್ನೆರಡು. ಇಂಡಿಯಿಂದ ಸಿಂದಗಿ. ಕ್ಯಾಪ್ಟನ್, ಡ್ರೈವರ್ ಮಲ್ಲಪ್ಪ. ಇಳಿದದ್ದು ಒಂಬತ್ತ ಸಲ... ಒಂಬತ್ತ ಸಲ ಮಾಮಾ?”

“ಎಕ್ಸ್‌ಪ್ರೆಸ್ ಅಲ್ಲವಾ ಅದು. ಸಾದಾ ಬಸ್ಸು.”

ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ನೀಲಾ ಕಣ್ಣೀರು ಒರೆಸಿಕೊಳ್ಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಳನೆಯ ಸಾಲು ಓದುವಷ್ಟರಲ್ಲಿ ನಾನೂ ನಗುತ್ತಿದ್ದೆ, ಆದರೆ ನನ್ನ ನಗುವಿನ ಹಿಂದೆ ಆ ತಪಾಸಣೆಯ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು.

“ಇದನ್ನ ತಗೋತೇನಿ,” ಎಂದಳು ನೀಲಾ. “ನಕಾಶೆ ಇಲ್ಲ, ಬಣ್ಣ ಇಲ್ಲ. ಆದ್ರ ನಮ್ಮ ಮಾಮಾನ್ನ ಹಿಡದದ್ದು ಇದೊಂದ.”

ನನ್ನ ಏಳು ಸಾಲುಗಳಿಗೆ ‘ಮನೆಯವರ ಆಟ, ಹಾರಾಟವಲ್ಲ’ ಎಂದು ಷರಾ ಹಾಕಿ, ಬೂದಿಯಿಂದಲೇ ಹೊಸದಾಗಿ ಅರ್ಜಿ ತಯಾರಿಸಿ, ತನ್ನ ಹಳೆಯ ಲೆಕ್ಕದ ಜೊತೆ ಒಂದೊಂದು ಪುಟ ತಾಳೆ ನೋಡಿ ಅವಳು ಕಳಿಸಿದಾಗ ಐದು ಐವತ್ತೆರಡು. ಸಾವಿರದ ಐನೂರು, ಸೊನ್ನೆ ನಿಮಿಷ. ನಾನು ಡೈರಿಯಲ್ಲಿ ಬರೆದುಕೊಂಡೆ.

ಅವ್ವ ಮಾತ್ರ ಅಂದು ಉಣ್ಣಲಿಲ್ಲ. “ಸೊನ್ನಿ ಹಂಗ ಬಿಟ್ರಿ,” ಎಂದು ಗೋಡೆಯ ಕಡೆ ಮುಖ ಮಾಡಿ ಕೂತಳು. ನೀಲಾ ಅವಳ ಮೊಣಕಾಲಿಗೆ ಆತು ಕೂತು, “ಆಯಿ, ಒಂದು ಹಚ್ಚೂನು. ಆದ್ರ ಹಾರಿ ಹಚ್ಚಬೇಕು. ನೀ ನನ ಜೋಡಿ ಬಾ,” ಎಂದಳು.

ರಜೆ ಮುಗಿಸಿ ನೀಲಾ ಮರಳುವಾಗ ಅವ್ವ ಮತ್ತು ನಾನು ಅವಳ ಜೊತೆ ರೈಲಿನಲ್ಲಿ ಬೆಂಗಳೂರಿಗೆ ಹೋದೆವು. ಅಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ತಿರುಗಿ ಬರುವುದೇ ಕೆಲಸ. ರಜೆಯ ನಂತರ ಅವಳ ಮೊದಲ ಹಾರಾಟ ಬೆಂಗಳೂರಿನಿಂದ ಹುಬ್ಬಳ್ಳಿಗಿತ್ತು. ಅದರಲ್ಲೇ ನಮ್ಮ ಟಿಕೆಟು. ಅವ್ವ ಹನ್ನೊಂದು ರೊಟ್ಟಿಯ ಬುತ್ತಿ ಮಡಿಲಲ್ಲಿಟ್ಟುಕೊಂಡು ಕಿಟಕಿಗೆ ಕೂತಳು. ಕೂತವಳೇ ಮುಂದಿನ ಸಾಲಿನವರನ್ನು, “ಇದು ಹುಬ್ಬಳ್ಳೀದ ಏನ್ರಿ?” ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

ನಾನು ಡೈರಿ ತೆರೆದು ಕಿಟಕಿಯ ಹೊರಗೆ ನೆಲ ನೋಡುತ್ತ ಕಾದೆ. ಬಾಗಿಲು ಹಾಕಿದರು, ಬರೆಯಲಿಲ್ಲ. ಗಗನಸಖಿ ಬೆಲ್ಟಿನ ಪಾಠ ಹೇಳಿದಳು, ಬರೆಯಲಿಲ್ಲ. ಆಮೇಲೆ ವಿಮಾನ ಮೆಲ್ಲಗೆ ಹಿಂದಕ್ಕೆ ಸರಿಯಿತು. ಹಿಂದಕ್ಕೆ ಉರುಳಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಒಂದು ಕ್ಷಣ ಗಾಬರಿಯಾಯಿತು. ಸಿಂದಗಿಯ ಬಸ್ಸುಗಳೂ ಕಟ್ಟೆಯಿಂದ ಮೊದಲು ಹಿಂದಕ್ಕೇ ಸರಿಯುತ್ತಿದ್ದವು, ಮೌಲಾಸಾಬರು ಆಗಲೇ ಬರೆಯುತ್ತಿದ್ದರು. ಬರೆದೆ. ಹುಬ್ಬಳ್ಳಿಯಲ್ಲಿ ಗಾಲಿ ಪೂರಾ ನಿಂತ ಮೇಲೆ ಇನ್ನೊಮ್ಮೆ ಬರೆದು, ಕಳೆದು ನೋಡಿದೆ.

ಎಲ್ಲರೂ ಇಳಿದ ಮೇಲೆ ನೀಲಾ ಮುಂದಿನ ಬಾಗಿಲಿಗೆ ಬಂದು ನಿಂತಳು. ಬಿಳಿ ಅಂಗಿ, ಭುಜದ ಮೇಲೆ ಬಂಗಾರದ ಪಟ್ಟಿ. ಅವ್ವ ಅವಳ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು.

“ಹಚ್ಚಿದೇನವಾ ಒಂದು?”

“ಮಾಮಾನ್ನ ಕೇಳೋಣು ತಡಿ. ಕಂಟ್ರೋಲರ್ ಸಾಹೇಬ್ರ, ಎಷ್ಟಾತ್ರಿ?”

“ಒಂದ ತಾಸು ಐದ ನಿಮಿಷ,” ಎಂದೆ.

ಅವಳು ತನ್ನ ಮೊಬೈಲು ತಿರುಗಿಸಿ ತೋರಿಸಿದಳು. ಬೂದಿಯ ಆ ಕಚೇರಿ ಮುಸುಡಿಯ ಮೇಲೆ ಹೊಸ ಸಾಲೊಂದಿತ್ತು. ಒಂದು ತಾಸು, ಐದು ನಿಮಿಷ. ಷರಾದ ಮನೆಯಲ್ಲಿ, ‘ಆಯಿಯ ಒಂದು, ವೇಳೆ ಬರೆದವರು ಮಾಮಾ.’ ಕೆಂಪು ಗೆರೆ ಎಲ್ಲೂ ಬಂದಿರಲಿಲ್ಲ.

ಮುದ್ದೇಬಿಹಾಳದ ಆ ಅರ್ಧ ಭಜಿ ಇಷ್ಟು ವರ್ಷದ ಮೇಲೆ ಅಂದು ಹುಬ್ಬಳ್ಳಿಯಲ್ಲಿ ಅರಗಿತು.